ಹಾಡಿನೊಳಗಿದ್ದದ್ದು ಯಾರ ಮಳೆ

ಜೀಪು ಮಲ್ಲಂದೂರಿನ ಅಂಗಡಿಸಾಲು ದಾಟಿ ಏರು ಹತ್ತತೊಡಗಿದಾಗ ಟೇಪಿನಲ್ಲಿ ಮತ್ತೆ ಅದೇ ಹಾಡು ಬಂತು. ಮೊದಲು ಡಬಡಬ ಡ್ರಮ್ಮು, ಆಮೇಲೆ ಕೀಬೋರ್ಡಿನ ಮೇಲೆ ಯಾರೋ ಬೆಕ್ಕು ಓಡಿಸಿದಂಥ ಸದ್ದು, ಅದರ ಹಿಂದೆಯೇ ಕುಣಿಯಲು ಕರೆಯುವ ಆ ಹೆಂಗಸಿನ ದನಿ:

ನಲವತ್ತು, ಸೊನ್ನೆ, ಒಂದು ಹತ್ತು,
ಸೊನ್ನೆ, ಸೊನ್ನೆ, ಇಪ್ಪತ್ತೈದು.
ಬೆರಳಿಡಬೇಡ ಗಾಜಿನ ಒಳಗೆ,
ಕಣ್ಣಲೇ ಅಳೆ, ಕಣ್ಣಲೇ ಅಳೆ.

"ಚಿಕ್ಕಪ್ಪ, ಇದರ ಅರ್ಥ ಎಂತ ಅಂತ ಇವತ್ತು ನೀವು ಹೇಳ್ಲೇಬೇಕು," ಎಂದಳು ರಜೆಗೆ ಬರುತ್ತಿದ್ದ ಗಗನಾ.

ಅವಳು ಈ ಹಾಡನ್ನು ಇನ್ನೊಂದು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಚಿಕ್ಕಮಗಳೂರಿನ ಹಾಸ್ಟೆಲಿಗೆ ಒಯ್ದು ತಿಂಗಳಾಗಿತ್ತು. ಬಿ.ಎ. ಎರಡನೇ ವರ್ಷದವರೆಲ್ಲ ಸೇರಿ ತಲೆ ಕೆಡಿಸಿಕೊಂಡರೂ ಅರ್ಥವಾಗಿರಲಿಲ್ಲ. ಅದು ಯಾರ ಕಿವಿಗೂ ಮೊದಲು ಬಿದ್ದ ಹಾಡಲ್ಲ, ಯಾವ ಸಿನಿಮಾದ್ದೂ ಅಲ್ಲ. ಅವು ಡ್ಯಾನ್ಸಿನ ಹೆಜ್ಜೆ ಲೆಕ್ಕ ಎಂದು ರೂಮಿನ ದಿವ್ಯಾ ವಾದಿಸಿ, ಎದ್ದು ನಲವತ್ತು ಹೆಜ್ಜೆ ಹಾಕಿ, ಸೊನ್ನೆಗೆ ಬಂದಾಗ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಳು. ಕ್ಲಾಸಿನ ದಿಲೀಪ್ ಅದು ಫೋನ್ ನಂಬರೇ ಇರಬೇಕೆಂದು ಅಂಕಿಗಳನ್ನು ಹಿಂದುಮುಂದು ಮಾಡಿ ತಿರುಗಿಸಿ, ಕಡೂರಿನ ಯಾವುದೋ ಕೊಬ್ಬರಿ ಮಂಡಿಯವರಿಂದ ಬೈಸಿಕೊಂಡು ಬಂದಿದ್ದ. ಎರಡನೇ ಚರಣದಲ್ಲಿ 'ಒಂಬತ್ತು ದಿನಕೆ ಎಲ್ಲಾ ಬಿಳುಪಂತೆ, ಆರಕ್ಕೆ ನನ್ನ ಗಾಡಿ ಬಂತು' ಎಂದು ಬರುತ್ತಿದ್ದುದರಿಂದ ಇಡೀ ಹಾಡೇ ಮುಖಕ್ಕೆ ಹಚ್ಚುವ ಕ್ರೀಮಿನ ಜಾಹೀರಾತು ಎಂದು ತೀರ್ಮಾನಿಸಿದವರೂ ಇದ್ದರು.

ಚನ್ನಕೇಶವ ಟೇಪಿನ ಸದ್ದು ಇಳಿಸಿದ. ಅವನು ಗಗನಾಳ ಅಪ್ಪ ದೇವರಾಜನ ತಮ್ಮ. ಮೂವತ್ತೊಂಬತ್ತು ವಯಸ್ಸು, ಕಿವಿಯ ಹತ್ತಿರ ನರೆ, ಮದುವೆಯಾಗಿರಲಿಲ್ಲ. ತೋಟದ ಹೊರಗಿನ ಓಡಾಟವೆಲ್ಲ ಅವನದೇ.

"ಅದು ಮಳೆ ಕಣೆ," ಎಂದ. ಒಂದು ತಿರುವು ಕಳೆದ ಮೇಲೆ, "ನಮ್ಮ ಮಳೆ," ಎಂದು ಸೇರಿಸಿದ.

ಅಷ್ಟು ಹೇಳಿದ್ದೇ ಗಗನಾಳಿಗೆ ಮೈ ಜುಮ್ಮೆಂದಿತು. ಇಷ್ಟು ದಿನ ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಬೆಳಿಗ್ಗೆ ಎಂಟಾದರೆ ಈ ಗುಡ್ಡಗಳ ಪ್ರತಿ ತೋಟದಲ್ಲೂ ಒಬ್ಬರು ಅಂಗಳಕ್ಕಿಳಿದು, ಮಳೆ ಅಳೆಯುವ ಡಬ್ಬಿಯಿಂದ ಗೀಟು ಹಾಕಿದ ಗಾಜಿನ ಲೋಟಕ್ಕೆ ನೀರು ಬಗ್ಗಿಸಿ, ಕಣ್ಣೆತ್ತರಕ್ಕೆ ಹಿಡಿದು ನೋಡುತ್ತಾರೆ. ಇಷ್ಟು ಇಂಚು, ಇಷ್ಟು ಸೆಂಟ್ಸು ಎಂದು ಮಳೆ ಪುಸ್ತಕದಲ್ಲಿ ಬರೆಯುತ್ತಾರೆ. ನೂರು ಸೆಂಟ್ಸಿಗೆ ಒಂದು ಇಂಚು. ಆಮೇಲೆ ಫೋನುಗಳು ಶುರುವಾಗುತ್ತವೆ: ನಿಮ್ಮಲ್ಲಿ ಎಷ್ಟಾಯ್ತು, ನಮ್ಮಲ್ಲಿ ಇಷ್ಟಾಯ್ತು. ಒಂದು ಗುಡ್ಡಕ್ಕೆ ಒಂದಿಂಚು ಸುರಿದರೆ ಪಕ್ಕದ ಗುಡ್ಡದಲ್ಲಿ ಧೂಳು ಹಾರುತ್ತಿರುತ್ತದೆ. ಅದರಲ್ಲೂ ಮಾರ್ಚಿಯ ಹೂಮಳೆ. ಅದು ಒಂದಿಂಚು ಬಿದ್ದರೆ ಒಂಬತ್ತನೇ ದಿನಕ್ಕೆ ಕಾಫಿ ಗಿಡವೆಲ್ಲ ಬೆಳ್ಳಗೆ ಹೂ ಬಿಡುತ್ತದೆ. ಬೀಳದಿದ್ದರೆ ಆ ವರ್ಷದ ಫಸಲಿನ ಆಸೆ ಬಿಡಬೇಕು. ಹೀಗಾಗಿ ಬೇರೆ ಯಾವ ವಿಷಯಕ್ಕೆ ಸುಳ್ಳು ಹೇಳುವವರೂ ಇಲ್ಲಿ ಮಳೆಯ ವಿಷಯದಲ್ಲಿ ಹೇಳುವುದಿಲ್ಲ.

ಏರು ಮುಗಿಯುವುದರೊಳಗೆ ಚಿಕ್ಕಪ್ಪ ಉಳಿದದ್ದನ್ನೂ ಹೇಳಿದ, ರಸ್ತೆಯನ್ನೇ ನೋಡುತ್ತ, ಬೇರೆ ಯಾರದೋ ಸಮಾಚಾರದಂತೆ. ತೊಂಬತ್ತೊಂದರ ಮಾರ್ಚಿಯಲ್ಲಿ ಹಳ್ಳದಾಚೆಯ ತೋಟದ ವಿಶಾಲಾಕ್ಷಮ್ಮನವರ ಮಗಳ ಮದುವೆಗೆ ಒಂದು ಆರ್ಕೆಸ್ಟ್ರಾ ಬಂದಿತ್ತು. ವಾಪಸು ಹೋಗುವಾಗ ಅವರ ವ್ಯಾನಿನ ಆಕ್ಸಲ್ ಮುರಿದು, ಹಾಸನದಿಂದ ಬೇರೆಯದು ಬರುವ ತನಕ ಆರು ದಿನ ಎಲ್ಲರೂ ಇಲ್ಲೇ ಉಳಿದರು. ಗಂಡಸರು ಶಾಲೆಯಲ್ಲಿ; ಹಾಡುವವಳೊಬ್ಬಳು ವಿಶಾಲಾಕ್ಷಮ್ಮನವರ ಮನೆಯಲ್ಲಿ. ಹೆಸರು ಶೈಲಜಾ, ಸ್ಟೇಜಿನ ಮೇಲೆ ಶೈಲಿ. ಚಿಕ್ಕಪ್ಪನಿಗೆ ಆಗ ಇಪ್ಪತ್ತಾರು. ಆರು ದಿನವೂ ಒಂದಲ್ಲ ಒಂದು ನೆಪ ಮಾಡಿಕೊಂಡು ಹಳ್ಳ ದಾಟಿ ಹೋಗಿ ಆ ಮನೆಯ ಹೊಸ್ತಿಲಲ್ಲಿ ಕೂತು ಹರಟಿದ್ದ. ಒಂದು ದಿನ ಅವಳೂ ಬಂದು ನಮ್ಮ ಅಂಗಳದ ಮಳೆ ಡಬ್ಬಿ ನೋಡಿದ್ದಳು. ಮತ್ತೆ ಎರಡು ವರ್ಷಕ್ಕೆ ಆಲ್ದೂರಿನ ಅಂಗಡಿಯಲ್ಲಿ ಈ ಕ್ಯಾಸೆಟ್ ಸಿಕ್ಕಿತು.

"ಹೊಸ್ತಿಲ ತುಂಬಾ ಕೂತವನೇ, ಎದ್ದು ದಾರಿ ಬಿಡು ಅಂತ ಬರುತ್ತಲ್ಲ," ಎಂದು ಚಿಕ್ಕಪ್ಪ ಗೇರು ಬದಲಿಸಿದ. "ಅದು ನಾನು."

ಮನೆಯಲ್ಲಿ ಅಜ್ಜಿ ದೇವೀರಮ್ಮ ಅಂಗಳದಲ್ಲಿ ಕೂತು ಒಣಗಿದ ಕಾಳುಮೆಣಸು ಕೇರುತ್ತಿದ್ದಳು. ಮಗ ಜೀಪು ನಿಲ್ಲಿಸುವ ಮೊದಲೇ ಕಳಸದವರ ಮಾತೆತ್ತಿದಳು. ಕಳಸದ ಕಡೆಯಿಂದ ಸಂಬಂಧ ಬಂದು ಎರಡು ತಿಂಗಳಾಗಿತ್ತು. ಹುಡುಗಿ ರತ್ನಾವತಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ, ಮೂವತ್ತನಾಲ್ಕು ವರ್ಷ. ಯುಗಾದಿಯೊಳಗೆ ಬಂದು ನೋಡುತ್ತೀರೋ ಇಲ್ಲವೋ ಹೇಳಿಬಿಡಿ ಎಂದು ಅವರಣ್ಣ ಹೇಳಿಕಳಿಸಿದ್ದ. ಯುಗಾದಿಗೆ ಇನ್ನು ಮೂರೇ ವಾರ. ಚಿಕ್ಕಪ್ಪ ಎಂದಿನಂತೆ ನೋಡೋಣ ಎಂದು ಒಳಗೆ ಹೋದ.

"ಹತ್ತು ವರ್ಷದಿಂದ ನೋಡ್ತಾನೇ ಇದಾನೆ ಮಾರಾಯ್ತಿ," ಎಂದಳು ಅಜ್ಜಿ ಮೆಣಸಿಗೆ. "ಎಂತದ ನೋಡ್ತಾನೋ."

ಎಂತದ ನೋಡುತ್ತಾನೆಂದು ಈಗ ಗಗನಾಳಿಗೆ ಗೊತ್ತಿತ್ತು. ಅವಳಿಗೆ ಅಜ್ಜಿಯ ಮೇಲೆ ಪ್ರೀತಿಯಿದ್ದರೂ ಮನಸ್ಸು ಪೂರ್ತಿಯಾಗಿ ಹಾಡಿನ ಕಡೆಗಿತ್ತು. ಅವಳು ಬೆಳೆದದ್ದೇ ಅಜ್ಜಿಯ ಕಥೆಗಳ ಮೇಲೆ. ಅವುಗಳಲ್ಲಿ ಏಳು ಕೆರೆ ದಾಟಿ ಹೋದವನಿಗೆ ಹುಡುಕಿದವಳು ಸಿಗದೆ ಇರುತ್ತಿರಲಿಲ್ಲ. ಇಲ್ಲಿ ದಾಟಬೇಕಾದದ್ದು ಹೆಚ್ಚೆಂದರೆ ಒಂದು ಕ್ಯಾಸೆಟ್ ಅಂಗಡಿ, ಒಂದು ವಿಳಾಸ. ಶೈಲಿ ಎಲ್ಲಿದ್ದಾಳೆಂದು ಗೊತ್ತಾಗಿ, ಅವಳೂ ಕಾಯುತ್ತಿದ್ದರೆ, ಚಿಕ್ಕಪ್ಪ ಯಾವ ಗಣಿತದ ಮೇಡಮ್ಮನನ್ನೂ ನೋಡಬೇಕಿಲ್ಲ. ಹುಡುಕುವುದಿದ್ದರೆ ಯುಗಾದಿಯೊಳಗೆ ಹುಡುಕಬೇಕು.

ಆ ಮಧ್ಯಾಹ್ನ ಅಪ್ಪನ ಆಫೀಸುಕೋಣೆಯ ಪೆಟ್ಟಿಗೆ ತೆಗೆದು ಹಳೆಯ ಮಳೆ ಪುಸ್ತಕಗಳನ್ನು ಹರವಿಕೊಂಡಳು. ತೊಂಬತ್ತೊಂದರದ್ದು ನೀಲಿ ರಟ್ಟಿನದು, ಚಿಕ್ಕಪ್ಪನದೇ ಅಕ್ಷರ. ಮಾರ್ಚಿಯ ಪುಟದಲ್ಲಿ ಬೆರಳು ಇಳಿಸುತ್ತ ಬಂದಳು. ಹನ್ನೊಂದನೇ ತಾರೀಕು ನಲವತ್ತು ಸೆಂಟ್ಸು. ಹನ್ನೆರಡು ಸೊನ್ನೆ. ಹದಿಮೂರು ಒಂದು ಇಂಚು ಹತ್ತು. ಹದಿನಾಲ್ಕು, ಹದಿನೈದು ಸೊನ್ನೆ. ಹದಿನಾರು ಇಪ್ಪತ್ತೈದು. ಹಾಡು ಪುಸ್ತಕದಲ್ಲೇ ಇತ್ತು, ಒಂದು ಸೆಂಟ್ಸೂ ಆಚೀಚೆಯಿಲ್ಲದೆ. ಅವಳು ಪುಸ್ತಕವನ್ನು ಎದೆಗೊತ್ತಿಕೊಂಡಳು.

ಸಂಜೆ ಅಜ್ಜಿಯ ಹತ್ತಿರ ಕೂತು, ತೊಂಬತ್ತೊಂದರ ಹೂಮಳೆ ಚೆನ್ನಾಗಿತ್ತಲ್ಲ ಎಂದು ಮೆಲ್ಲಗೆ ಎತ್ತಿದಳು. ಅಜ್ಜಿಗೆ ಇಸವಿಗಳು ಗೊತ್ತಿಲ್ಲ. ಮಳೆ ಎಂದ ತಕ್ಷಣ ಅವಳು ಎಂದಿನ ಮಳೆಹುಡುಗಿಯ ಕಥೆ ತೆಗೆದಳು. ಮಳೆಹುಡುಗಿ ಒಂದು ವರ್ಷ ತವರಿಂದ ಹೊರಟು ಹಳ್ಳದವರೆಗೆ ಬಂದಳಂತೆ. ಸೀರೆ ಎತ್ತಿ ಒಂದು ಕಾಲು ನೀರಿಗಿಟ್ಟಳಂತೆ, ಚಳಿಯಾಯಿತಂತೆ, ತಿರುಗಿ ಹೋದಳಂತೆ. ಆಚೆ ದಡವೆಲ್ಲ ಬೆಳ್ಳಗೆ. ಈಚೆ ದಡದಲ್ಲಿ ಒಂದು ಹೂವಿಲ್ಲ. ಗಗನಾ ಈ ಕಥೆಯನ್ನು ಆರು ವರ್ಷದವಳಿದ್ದಾಗಿಂದ ಕೇಳಿದ್ದಳು. ಹೂಂಗುಟ್ಟುತ್ತ ಕೂತಿದ್ದರೂ ಆ ಹೊತ್ತು ಅವಳ ತಲೆಯಲ್ಲಿದ್ದದ್ದು ಆಲ್ದೂರಿನ ಬಸ್ಸಿನ ಸಮಯ.

ಆಲ್ದೂರಿನ ಪೇಟೆಯಲ್ಲಿ ಓಂಕಾರಮೂರ್ತಿಯ ಅಂಗಡಿ ಈಗ ಅರ್ಧ ಸ್ಟೇಷನರಿ, ಅರ್ಧ ಸೀಡಿಯ ಅಂಗಡಿಯಾಗಿತ್ತು. ಹಣೆಗೆ ವಿಭೂತಿ ಬಳಿದುಕೊಂಡು ಕೂತಿದ್ದ ಆತ ಕ್ಯಾಸೆಟ್ ಎಂಬ ಮಾತು ಕೇಳಿಯೇ, ಅವನ್ನೆಲ್ಲ ಅಟ್ಟಕ್ಕೆ ಹಾಕಿ ಮೂರು ವರ್ಷವಾಯಿತು ಎಂದ. ಗಗನಾ ಮೆಲುದನಿಯಲ್ಲಿ ಹಾಡು ಹೇಳಿ ತೋರಿಸಿದಳು. ಸೊನ್ನೆ, ಸೊನ್ನೆ ಎನ್ನುವಲ್ಲಿಗೆ ಆತನಿಗೆ ನೆನಪು ಬಂತು.

ಆ ಕ್ಯಾಸೆಟ್ ತಂದು ಕೈ ಸುಟ್ಟುಕೊಂಡ ಕಥೆಯನ್ನು ಆತ ರಸವತ್ತಾಗಿ ಹೇಳಿದ. ತೊಂಬತ್ಮೂರರಲ್ಲಿ ಬೆಂಗಳೂರಿನಿಂದ ಒಬ್ಬ ಏಜೆಂಟ್ ಬಂದು, ಇನ್ನು ಮುಂದೆ ಎಲ್ಲ ಇಂಥ ಡಿಸ್ಕೋ ಹಾಡುಗಳೇ, ಸಿನಿಮಾ ಹಾಡು ಯಾರೂ ಕೇಳುವುದಿಲ್ಲ ಎಂದು ನಂಬಿಸಿ ಇಪ್ಪತ್ತೈದು ಇಟ್ಟು ಹೋಗಿದ್ದ. ಮಾರಿದ್ದು ಮೂರು. ಒಂದು ನಿಮ್ಮ ಚಿಕ್ಕಪ್ಪನವರಿಗೆ. ಅವರು ಅಂಗಡಿಯ ಬಾಗಿಲಲ್ಲಿ ನಿಂತು ಹಾಡು ಪೂರ್ತಿ ಕೇಳಿ, ಚಿಲ್ಲರೆ ತೆಗೆದುಕೊಳ್ಳುವುದನ್ನೇ ಮರೆತು ಹೋದರು. ಒಂದನ್ನು ಯಾರೋ ಬಸ್ ಡ್ರೈವರ್ ಕೊಂಡು, ಮರುದಿನ ವಾಪಸು ತಂದಿದ್ದ.

"ಆ ಸಂಖ್ಯೆ ಕೇಳಿ ಪ್ಯಾಸೆಂಜರೆಲ್ಲ ಟಿಕೆಟ್ ರೇಟು ಅನ್ಕಂಡು ಜಗಳಕ್ಕೆ ಬಂದ್ರಂತೆ," ಎಂದು ನಕ್ಕ.

ಮೂರನೆಯದು ಯಾರಿಗೆಂದು ಆತನಿಗೆ ನೆನಪಿರಲಿಲ್ಲ. ಆದರೆ ಅಟ್ಟ ಹತ್ತಿ ಹುಡುಕಿ, ಧೂಳು ಕೊಡವುತ್ತ ಒಂದನ್ನು ತಂದು ಕೌಂಟರಿನ ಮೇಲಿಟ್ಟ. ಚಿಕ್ಕಪ್ಪನ ಕ್ಯಾಸೆಟ್ಟಿನ ಡಬ್ಬಿಯಲ್ಲಿ ಇರಬೇಕಾದ ಕಾಗದವನ್ನು ಬೆಳ್ಳಿಹುಳು ಎಂದೋ ತಿಂದು ಮುಗಿಸಿತ್ತು. ಇದರಲ್ಲಿ ಹಾಗೇ ಇತ್ತು. ಹಾಡುಗಳ ಪಟ್ಟಿ, ಅದರಲ್ಲಿ ಎರಡನೆಯದು ಈ ಹಾಡು, ಕೆಳಗೆ 'ಸಾಹಿತ್ಯ ಮತ್ತು ಗಾಯನ: ಶೈಲಿ', ವಿಳಾಸವೇನೂ ಇಲ್ಲ. ತೀರಾ ಕೊನೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು: 'ಎರಡನೇ ಹಾಡು, ಆರು ದಿನ ಅನ್ನ ಹಾಕಿ ಆರು ದಿನವೂ ಬೈದ ಮಲ್ಲಂದೂರಿನ ವಿಶಾಲಾಕ್ಷಮ್ಮನವರಿಗೆ.'

ಗಗನಾ ಅದನ್ನು ಎರಡು ಸಲ ಓದಿದಳು. ಚಿಕ್ಕಪ್ಪನ ಹೆಸರು ಬರೆಯಲು ಅಂಜಿರಬೇಕು, ಅದಕ್ಕೇ ಮನೆಯೊಡತಿಯ ಹೆಸರು ಹಾಕಿದ್ದಾಳೆ ಎಂದು ಬಸ್ಸಿನಲ್ಲಿ ಕೂತು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ವಿಶಾಲಾಕ್ಷಮ್ಮ ಹಾಸನದ ಮಗಳ ಮನೆಯಿಂದ ಹೋದ ತಿಂಗಳಷ್ಟೇ ತೋಟಕ್ಕೆ ಮರಳಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು, ಇನ್ನೂ ನೆಟ್ಟಗಿನ ಬೆನ್ನು. ಗಗನಾ ಹಳ್ಳ ದಾಟಿ ಹೋದಾಗ ಅಡಿಗೆಮನೆಯಲ್ಲಿ ಹಲಸಿನಕಾಯಿ ಹಪ್ಪಳಕ್ಕೆ ಹಿಟ್ಟು ಕುಟ್ಟಿಸುತ್ತಿದ್ದವರು, ಶೈಲಿಯ ಹೆಸರು ಕೇಳಿ ಕೈ ತೊಳೆದುಕೊಂಡು ಜಗಲಿಗೆ ಬಂದರು.

"ಅಯ್ಯೋ, ಆ ಹುಡುಗಿನಾ. ಲೋಟದೊಳಗೆ ಬೆರಳು ಅದ್ದಿ ನೋಡಿದ್ಲು ಕಣೆ ಮಳೆನ, ಹಾಲು ಬಿಸಿಯಾಯ್ತಾ ಅಂತ ನೋಡ್ತಾರಲ್ಲ ಹಾಗೆ. ಎಷ್ಟು ಬೈದಿದೀನಿ ಗೊತ್ತಾ ನಾನು."

ನಡೆದದ್ದು ಹೀಗೆ. ಮದುವೆಯ ಗಲಾಟೆಯಲ್ಲಿ ವಿಶಾಲಾಕ್ಷಮ್ಮನ ಕನ್ನಡಕ ಒಡೆದುಹೋಗಿತ್ತು. ಯಜಮಾನರು ಮಗಳನ್ನು ಬಿಡಲು ಹೋಗಿದ್ದರು. ಮಳೆ ಪುಸ್ತಕ ಒಂದು ದಿನ ಖಾಲಿ ಬಿದ್ದರೂ ಅವರು ಬಂದು ಕೂಗಾಡುತ್ತಾರೆ. ಅದಕ್ಕೇ ಬೆಳಿಗ್ಗೆ ಎಂಟಕ್ಕೆ ಈ ಹಾಡುವವಳನ್ನು ಎಬ್ಬಿಸಿ ಅಂಗಳಕ್ಕೆ ಅಟ್ಟುವುದು. ಅವಳೋ ತಡವಾಗಿ ಏಳುವ ಪೈಕಿ. ಮೊದಲ ದಿನ ಬೆರಳಿಟ್ಟಳು. ಬೆರಳಿಡಬೇಡ, ಕಣ್ಣಲ್ಲಿ ಅಳೆ ಎಂದು ಬೈಸಿಕೊಂಡಳು. ಎರಡನೇ ದಿನ ಸೊನ್ನೆ ಬಂತೆಂದು ಅಳುಮೋರೆ ಮಾಡಿದಳು. ಮೂರನೇ ದಿನ ಒಂದು ಇಂಚು ಹತ್ತು ಸೆಂಟ್ಸು ಬಿದ್ದಾಗ, ಮನೆಮಂದಿಗಿಂತ ಹೆಚ್ಚು ಕುಣಿದವಳು ಅವಳೇ. ಒಂಬತ್ತು ದಿನಕ್ಕೆ ಎಲ್ಲಾ ಬೆಳ್ಳಗಾಗುತ್ತದೆ, ಇದ್ದು ನೋಡಿಕೊಂಡು ಹೋಗು ಎಂದರೆ, ಆರನೇ ದಿನಕ್ಕೇ ವ್ಯಾನು ರಿಪೇರಿಯಾಗಿಬಿಟ್ಟಿತು. ವಿಶಾಲಾಕ್ಷಮ್ಮ ಹೂವಾದ ದಿನ ಒಂದು ಕಡ್ಡಿ ಮುರಿದು ಕವರಿನಲ್ಲಿಟ್ಟು ಪೋಸ್ಟ್ ಮಾಡಿದರು. ಬಂದು ತಲುಪಿತು, ಆದರೆ ಹೂವು ಟೀಪುಡಿಯ ಬಣ್ಣಕ್ಕೆ ತಿರುಗಿದೆ ಎಂದು ಉತ್ತರ ಬಂತು. ಆಮೇಲೆ ಇನ್ನೊಂದು ಕಾಗದ, ಜೊತೆಗೆ ಕ್ಯಾಸೆಟ್. ಆಮೇಲೆ ಏನೂ ಇಲ್ಲ.

"ಅದ್ರಲ್ಲಿ ಎಂಥಾ ಗದ್ದಲ ಅಂತೀಯ. ನನ್ನ ಬೈಗುಳಕ್ಕೆಲ್ಲ ಡ್ರಮ್ ಬಾರಿಸಿದಾಳೆ," ಎಂದು ವಿಶಾಲಾಕ್ಷಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. ಅವರಿಗೆ ಅದು ಇಷ್ಟವಾಗಿತ್ತೆಂದು ಗಗನಾಳಿಗೆ ಕಾಣುತ್ತಿತ್ತು.

ಗಗನಾ ಹೊಸ್ತಿಲಿನ ಸಾಲು ಕೇಳಿದಳು.

"ಅದಾ. ನಮ್ಮ ಟೈಗರ್ ನಾಯಿ ಇತ್ತಲ್ಲ, ಅದು ಹೊಸ್ತಿಲು ಬಿಟ್ಟು ಏಳ್ತಿರ್ಲಿಲ್ಲ, ಅವಳಿಗೆ ನಾಯಿ ಅಂದ್ರೆ ಹೆದರಿಕೆ." ವಿಶಾಲಾಕ್ಷಮ್ಮ ಸ್ವಲ್ಪ ಯೋಚಿಸಿದರು. "ನಿಮ್ಮ ಚಿಕ್ಕಪ್ಪನೂ ದಿನಾ ಬಂದು ಅಲ್ಲೇ ಕೂರ್ತಿದ್ದ. ಯಾರಿಗೆ ಹೇಳಿದ್ಲೋ, ದೇವ್ರೇ ಬಲ್ಲ."

ಇಷ್ಟಾದರೂ ಗಗನಾಳ ಕೈಯಲ್ಲಿ ಒಂದು ಸಾಕ್ಷಿ ಉಳಿದಿತ್ತು. ಹಾಡಿನ ಅಂಕಿಗಳು ನಮ್ಮ ಪುಸ್ತಕದಲ್ಲಿವೆ ದೊಡ್ಡಮ್ಮ, ನಾನೇ ನೋಡಿದೀನಿ ಎಂದಳು. ವಿಶಾಲಾಕ್ಷಮ್ಮ ಅವಳ ಮುಖವನ್ನು ವಿಚಿತ್ರವಾಗಿ ನೋಡಿ, ಒಳಗೆ ಹೋಗಿ ತಮ್ಮ ಪುಸ್ತಕ ತಂದರು. ಮಾರ್ಚ್ ಪುಟದಲ್ಲಿ ಯಜಮಾನರ ಒತ್ತೊತ್ತಾದ ಅಕ್ಷರದ ನಡುವೆ ಆರು ಸಾಲು ಮಾತ್ರ ದುಂಡಗೆ, ಪೇಟೆಯ ಹುಡುಗಿಯ ಬರವಣಿಗೆ. ನಲವತ್ತು. ಸೊನ್ನೆ. ಒಂದು ಹತ್ತು. ಪಕ್ಕದಲ್ಲಿ ಒಂದು ಪುಟ್ಟ ಹೂವನ್ನೂ ಬಿಡಿಸಿದ್ದಳು.

"ಒಂದೇ ಮಳೆ ಎರಡು ಗುಡ್ಡಕ್ಕೂ ಸೆಂಟ್ಸ್ ಸಮೇತ ಬೀಳುತ್ತೇನೆ ಮಗಾ, ಅದೂ ಆರು ದಿನ," ಎಂದರು ವಿಶಾಲಾಕ್ಷಮ್ಮ. "ಆ ವರ್ಷ ನಿಮಗೆ ಬರ್ಲೇ ಇಲ್ಲ. ಆಗ ಸ್ಪ್ರಿಂಕ್ಲರ್ ಎಲ್ಲಿತ್ತು. ಹಳ್ಳದ ತನಕ ಬಂದು ನಿಂತುಬಿಡ್ತು. ನಮ್ಮ ಕಡೆ ಹೂವಾದ ದಿನ ನಿಮ್ಮಜ್ಜಿ ಆಚೆ ದಡದಲ್ಲಿ ನಿಂತು ನೋಡಿ, ಸೆರಗಲ್ಲಿ ಮುಖ ಮುಚ್ಕೊಂಡು ಹೋದ್ರು. ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ."

ಹಳ್ಳದ ಕಲ್ಲುಗಳ ಮೇಲೆ ಕಾಲಿಡುತ್ತ ವಾಪಸು ಬರುವಾಗ ಗಗನಾಳಿಗೆ ನೆಲ ಸರಿಯಾಗಿ ಕಾಣುತ್ತಿರಲಿಲ್ಲ. ಇಷ್ಟು ವರ್ಷ ಕಥೆಯೆಂದು ಕೇಳಿದ್ದು ನಡೆದ ಸಂಗತಿಯಾಗಿತ್ತು. ನಡೆದ ಸಂಗತಿಯೆಂದು ಎದೆಗೊತ್ತಿಕೊಂಡದ್ದು ಕಥೆಯಾಗಿತ್ತು. ಮನೆಗೆ ಬಂದವಳೇ ನೀಲಿ ರಟ್ಟಿನ ಪುಸ್ತಕ ತೆಗೆದು ಮಾರ್ಚಿಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆರು ಕಡೆ ಕಾಗದ ತೆಳುವಾಗಿತ್ತು, ಈರುಳ್ಳಿ ಸಿಪ್ಪೆಯಷ್ಟು. ಯಾರೋ ಬ್ಲೇಡಿನಿಂದ ಬಹಳ ನಾಜೂಕಾಗಿ ಹೆರೆದು, ಮೇಲೆ ಬರೆದಿದ್ದರು. ಯಾರೋ ಏನು, ಅಕ್ಷರ ಗುರುತಿದ್ದದ್ದೇ.

ಅವಳಿಗೆ ಮೊದಲು ಸಿಟ್ಟು ಬಂತು. ಈ ಪುಸ್ತಕವನ್ನು ನಂಬಿಯೇ ಅಪ್ಪ ಪ್ರತಿ ವರ್ಷ ಇನ್ನೆಷ್ಟು ದಿನ ಕಾಯಬಹುದೆಂದು ಹೇಳುತ್ತಿದ್ದ. ಮಳೆಯನ್ನು ಸುಳ್ಳು ಬರೆದವರ ಸುದ್ದಿ ಈ ಊರಲ್ಲಿ ಅವಳು ಕೇಳಿದ್ದೇ ಇಲ್ಲ. ಆದರೆ ಸಿಟ್ಟು ಹೆಚ್ಚು ಹೊತ್ತು ನಿಲ್ಲ‌ಲಿಲ್ಲ. ಹೇಳಿದರೆ ಚಿಕ್ಕಪ್ಪನ ಕೈಯಲ್ಲಿ ಇರುವುದೊಂದೂ ಹೋಗುತ್ತದೆ. ಹೇಳದಿದ್ದರೆ ಯುಗಾದಿ ಬಂದು ಹೋಗುತ್ತದೆ, ಕಳಸದವರು ಬೇರೆ ಕಡೆ ನೋಡುತ್ತಾರೆ, ಚಿಕ್ಕಪ್ಪ ಐವತ್ತಾಗುವ ತನಕ ಹೊಸ್ತಿಲಲ್ಲೇ ಕೂತಿರುತ್ತಾನೆ. ಎರಡು ದಿನ ಅವಳು ಅವನ ಎದುರಿಗೆ ಬಾರದೆ ತಪ್ಪಿಸಿಕೊಂಡು ಓಡಾಡಿದಳು.

ಮೂರನೇ ದಿನ ಬೆಳಿಗ್ಗೆ ಚನ್ನಕೇಶವ ಕೆರೆಯ ಹತ್ತಿರ ಸ್ಪ್ರಿಂಕ್ಲರ್ ಪೈಪುಗಳನ್ನು ಜೋಡಿಸುತ್ತಿದ್ದ. ಆಳುಗಳು ತೋಟದ ಮೇಲಿನ ಪಟ್ಟಿಗೆ ಪೈಪು ಹೊತ್ತುಕೊಂಡು ಹೋಗಿದ್ದರು. ಗಗನಾ ದಡದ ಮೇಲೆ ಕೂತಳು.

"ವಿಶಾಲಾಕ್ಷಿ ದೊಡ್ಡಮ್ಮನ ಮಳೆ ಪುಸ್ತಕ ನೋಡ್ದೆ ಚಿಕ್ಕಪ್ಪ."

ಅವನು ಸ್ಪ್ಯಾನರ್ ತಿರುಗಿಸುತ್ತಲೇ ಇದ್ದ. "ಯಾವ ವರ್ಷದ್ದು?"

"ತೊಂಬತ್ತೊಂದು."

ಸ್ಪ್ಯಾನರ್ ನಿಂತಿತು. ಅವನು ಅದನ್ನು ಒದ್ದೆ ಮಣ್ಣಿನ ಮೇಲಿಟ್ಟು, ಮತ್ತೆ ತೆಗೆದು, ಪ್ಯಾಂಟಿಗೆ ಒರೆಸಿಕೊಂಡು ಇನ್ನೊಂದು ಕಡೆ ಇಟ್ಟ. ಯಾರಿಗಾದರೂ ಹೇಳಿದೆಯಾ ಎಂದು ಕೇಳಿದ. ಇಲ್ಲವೆಂದು ಅವಳು ತಲೆಯಾಡಿಸಿದಳು.

"ಕ್ಯಾಸೆಟ್ ತಂದ ದಿನ ಸಾಯಂಕಾಲವೇ ಪುಸ್ತಕ ತೆಗ್ದು ನೋಡ್ದೆ," ಎಂದ ಚನ್ನಕೇಶವ. "ಆರು ದಿನವೂ ಸೊನ್ನೆ. ನಂಗೆ ಗೊತ್ತಿತ್ತು ಸೊನ್ನೆ ಅಂತ, ನಾನೇ ಬರ್ದಿದ್ದಲ್ವ. ಆದ್ರೂ ನೋಡ್ದೆ. ಮೊದ್ಲು ಒಂದೇ ಒಂದು ದಿನದ್ದು ತಿದ್ದೋಣ ಅನ್ಕಂಡೆ, ಆ ಒಂದು ಹತ್ತು ಇದೆಯಲ್ಲ, ಅದು. ಒಂದು ತಿದ್ದಿದ ಮೇಲೆ ಉಳಿದ ಐದು ಸುಳ್ಳು ಅನ್ನಿಸೋಕೆ ಶುರುವಾಯ್ತು." ಅವನು ಪೈಪಿನ ಬಾಯೊಳಗೆ ಇಣುಕಿದ. "ಆಮೇಲಾಮೇಲೆ ನಾನೂ ನಂಬಿಬಿಟ್ಟೆ ಕಣೆ. ಮಳೆ ಬಂದ ಸದ್ದು ಕೂಡ ನೆನಪಿದೆ ನಂಗೆ ಈಗ."

ಕೆರೆಯ ಆಚೆ ಬದಿ ಒಂದು ನೀರುಕಾಗೆ ಮುಳುಗಿ, ಅವಳೆಣಿಸಿದಲ್ಲಿ ಏಳದೆ ಇನ್ನೆಲ್ಲೋ ಎದ್ದಿತು. ಅವನೇ ಮತ್ತೆ, ವಿಶಾಲಾಕ್ಷಮ್ಮ ಏನೆಂದರು ಎಂದು ಕೇಳಿದ. ಅವಳು ಕನ್ನಡಕ ಒಡೆದದ್ದು, ಬೆರಳದ್ದಿ ಬೈಸಿಕೊಂಡದ್ದು, ಪೋಸ್ಟಿನಲ್ಲಿ ಕಪ್ಪಾದ ಹೂವು, ಕ್ಯಾಸೆಟ್ಟಿನ ಕಾಗದದ ಕೊನೆಯ ಸಾಲು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಅವನು ನಡುನಡುವೆ ಹೌದಾ, ಹೌದಾ ಎನ್ನುತ್ತಿದ್ದ. ಬೆರಳದ್ದಿದ ಮಾತು ಬಂದಾಗ ಅವನಿಗೆ ನಗು ಬಂದು, ಅದನ್ನು ಕೆಮ್ಮಿನಲ್ಲಿ ಮುಗಿಸಿದ.

"ಮತ್ತೆ ಆ ಹೊಸ್ತಿಲದ್ದು?"

ಗಗನಾಳ ನಾಲಿಗೆಯ ತುದಿಗೆ ಟೈಗರ್ ಬಂದು ಕೂತಿತ್ತು. ಚಿಕ್ಕಪ್ಪ ಅವಳ ಮುಖ ನೋಡದೆ ಅಂಗೈಗೆ ಹತ್ತಿದ ಗ್ರೀಸು ಉಜ್ಜುತ್ತಿದ್ದ.

"ಅದು ಯಾರಿಗೆ ಹೇಳಿದ್ದು ಅಂತ ಗೊತ್ತಿಲ್ಲ ಅಂದ್ರು," ಎಂದಳು.

ಚನ್ನಕೇಶವ ತಲೆದೂಗಿದ. ಮೇಲಿನಿಂದ ಆಳು ಕೂಗಿದ, ಪೈಪು ಜೋಡಿಸಿಯಾಯಿತೆಂದು. ಅವನು ಎದ್ದು ಪಂಪ್‌ಶೆಡ್ಡಿನ ಕಡೆ ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತು, "ಅವ್ವಂಗೆ ಹೇಳು, ಭಾನುವಾರ ಕಳಸಕ್ಕೆ ಹೋಗೋಣ ಅಂತ. ಹೂಂ ಅಂದೆ ಅಂತ ಹೇಳ್ಬೇಡ ಮತ್ತೆ. ನೋಡ್ಕೊಂಡು ಬರೋಣ ಅಂತ ಅಷ್ಟೇ," ಎಂದ.

ಶನಿವಾರ ಗಗನಾ ನೀಲಿ ಪುಸ್ತಕವನ್ನು ಮತ್ತೆ ಪೆಟ್ಟಿಗೆಗೆ ಇಡಲು ಹೋದಾಗ ಮಾರ್ಚಿಯ ಪುಟದಲ್ಲಿ ಆರು ಅಂಕಿಗಳ ಮೇಲೂ ಅಡ್ಡಗೆರೆ ಎಳೆದಿತ್ತು. ಪಕ್ಕದಲ್ಲಿ ಆರು ಸೊನ್ನೆ, ಕೆಳಗೆ ಸಹಿ, ಇಂದಿನ ತಾರೀಕು. ತೆಳುವಾಗಿದ್ದ ಒಂದು ಕಡೆ ಪೆನ್ನು ಒತ್ತಿ ಹಾಳೆ ತೂತಾಗಿತ್ತು.

ಭಾನುವಾರ ಅಜ್ಜಿ, ಚಿಕ್ಕಪ್ಪ, ಗಗನಾ ಮೂವರೇ ಹೋದರು. ಬಾಳೆಹೊನ್ನೂರು ದಾಟಿ ಕಳಸ ಸೇರುವುದರೊಳಗೆ ಅಜ್ಜಿ, ಯಾರಾದರೂ ಇಷ್ಟು ವರ್ಷ ಮದುವೆ ಯಾಕಾಗಲಿಲ್ಲವೆಂದು ಕೇಳಿದರೆ ಏನು ಹೇಳಬೇಕೆಂದು ಮಗನಿಗೆ ಮೂರು ಉತ್ತರ ಕಲಿಸಿದ್ದಳು: ಜಾತಕ, ಅಪ್ಪನ ಕಾಯಿಲೆ, ತೋಟದ ಭಾಗ.

ರತ್ನಾವತಿಯ ಅಣ್ಣನ ಮನೆ ರಸ್ತೆಯಿಂದ ಸ್ವಲ್ಪ ಕೆಳಗಿತ್ತು. ನಡುಮನೆಯಲ್ಲಿ ಎಲ್ಲರೂ ಎದುರುಬದುರು ಕೂತು ಈ ವರ್ಷದ ಬಿಸಿಲು, ಮೆಣಸಿನ ರೋಗ, ಶಾಲೆಯ ಪರೀಕ್ಷೆ ಎಂದು ಮಾತಾಡಿದರು. ರತ್ನಾವತಿ ಕಾಫಿ ಕೊಟ್ಟು ಒಳಗೆ ಹೋಗದೆ, ತಾನೂ ಒಂದು ಲೋಟ ಹಿಡಿದು ಕುರ್ಚಿ ಎಳೆದುಕೊಂಡು ಕೂತಳು. ಎಣ್ಣೆಗೆಂಪು ಬಣ್ಣ, ದಪ್ಪ ಜಡೆ, ಕೊನೆಯ ಬೆಂಚಿನವರೆಗೂ ಮುಟ್ಟಿಸಿ ರೂಢಿಯಾದ ದನಿ.

"ಒಂದು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು," ಎಂದಳು ಚನ್ನಕೇಶವನಿಗೆ. "ಇಷ್ಟು ವರ್ಷ ಎಂತಕ್ಕೆ ಆಗ್ಲಿಲ್ಲ ನೀವು?"

ಅವಳ ಅಣ್ಣ ರತ್ನಾ ಎಂದು ಗದರಿಸಿದ. ಅಜ್ಜಿ ಜಾತಕ ಎಂದು ಬಾಯಿ ತೆರೆದಳು. ಗಗನಾ ನೆಲದ ರೆಡ್ ಆಕ್ಸೈಡಿನ ಬಿರುಕನ್ನೇ ನೋಡುತ್ತಿದ್ದಳು.

"ಒಂದು ಹಾಡಿತ್ತು," ಎಂದ ಚನ್ನಕೇಶವ. "ಅದ್ರಲ್ಲಿ ನಾನಿದೀನಿ ಅನ್ಕಂಡಿದ್ದೆ."

ರತ್ನಾವತಿ ಲೋಟವನ್ನು ತುಟಿಯವರೆಗೆ ಒಯ್ದವಳು ಹಾಗೇ ತಡೆದಳು. "ಇರ್ಲಿಲ್ವಾ?"

"ಹೊಸ್ತಿಲ ಹತ್ರ ಇದ್ರೂ ಇರ್ಬಹುದು. ಖಾತ್ರಿ ಇಲ್ಲ."

ಅವಳು ನಗಲಿಲ್ಲ. "ಯಾವ ಹಾಡು? ಮೊದ್ಲಿಂದ ಹೇಳಿ," ಎಂದಳು, ಲೆಕ್ಕವನ್ನು ನಡುವಿನಿಂದ ಶುರುಮಾಡಿದ ಹುಡುಗರಿಗೆ ಹೇಳುವಂತೆ.

ಅವಳಣ್ಣ ಎದ್ದು, ಬನ್ನಿ ಅಮ್ಮ, ನಮ್ಮ ಏಲಕ್ಕಿ ಗಿಡ ತೋರಿಸುತ್ತೇನೆ ಎಂದು ಅಜ್ಜಿಯನ್ನು ಕರೆದುಕೊಂಡು ಹೊರಟ. ಅಜ್ಜಿ ಹಿಂದಿರುಗಿ ಹಿಂದಿರುಗಿ ನೋಡುತ್ತ ಹೋದಳು. ಗಗನಾ ಯಾರೂ ಹೇಳದೆಯೇ ಎದ್ದು, ಕಾಫಿ ಒಣಹಾಕುವ ಕಣದ ಕಟ್ಟೆಗೆ ಬಂದು ಕೂತಳು. ನಡುಮನೆಯ ಕಿಟಕಿ ಅಲ್ಲಿಂದ ಕಾಣುತ್ತಿತ್ತು. ಮಾತು ಕೇಳಿಸುತ್ತಿರಲಿಲ್ಲ. ಚಿಕ್ಕಪ್ಪ ಎರಡು ಕೈಯಲ್ಲೂ ಗಾಳಿಯಲ್ಲಿ ಏನನ್ನೋ ತೋರಿಸುತ್ತಿದ್ದ, ನಿಲ್ಲಿಸುತ್ತಿದ್ದ, ಮತ್ತೆ ಶುರುಮಾಡುತ್ತಿದ್ದ. ರತ್ನಾವತಿ ಒಂದು ಸಲ ಏನೋ ಕೇಳಿದಳು. ಅವನು ಉತ್ತರ ಹೇಳಲು ಬಹಳ ಹೊತ್ತು ತೆಗೆದುಕೊಂಡ. ಅವಳು ಕುರ್ಚಿಯನ್ನು ಅರ್ಧ ಅಡಿ ಮುಂದಕ್ಕೆ ಎಳೆದುಕೊಂಡಳು.

ಅಡಿಗೆಮನೆಯ ಬಾಗಿಲಿಂದ ರತ್ನಾವತಿಯ ಅತ್ತಿಗೆ ಇಣುಕಿ, ಅವರಿಗೆ ಇನ್ನೊಂದು ಸುತ್ತು ಕಾಫಿ ಬೇಕೋ ಏನೋ ನೋಡು ಮಗಾ ಎಂದಳು. ಗಗನಾ ಕತ್ತು ಚಾಚಿ ನೋಡಿದಳು. ಇಬ್ಬರ ನಡುವೆ ಸ್ಟೂಲಿನ ಮೇಲಿದ್ದ ಎರಡು ಲೋಟಗಳೂ ತುಂಬಿಯೇ ಇದ್ದವು. ಮೇಲೆ ದಪ್ಪಗೆ ಕೆನೆ ಕಟ್ಟಿತ್ತು.

"ಬೇಡ ಅತ್ತೆ," ಎಂದಳು. "ಇದ್ದದ್ದೇ ಇನ್ನೂ ಮುಟ್ಟಿಲ್ಲ."